ಪರಿಶೀಲಕರ ಮಾತನ್ನು ಏಕೆ ತಳ್ಳಿಹಾಕಿದಿರಿ ಎನ್ನುವವರಿಗೆ

ಕಾನೂನು ವಿದ್ಯಾರ್ಥಿಗಳಿಗಾಗಿ ಅಪರಾಧ ಕಾನೂನಿನ ಕನ್ನಡ ಪಠ್ಯವೊಂದನ್ನು ಸಂಪಾದಿಸಿದ್ದೇನೆ. ಅದು ಹೊರಬಂದ ದಿನದಿಂದ ಒಂದೇ ಪ್ರಶ್ನೆ: "ಪರಿಶೀಲಕರು ಬೇಡವೆಂದದ್ದನ್ನೂ ಉಳಿಸಿಕೊಂಡಿರಂತೆ, ಹೌದೇ?" ಹೌದು. ಹೇಳಿ ಹೇಳಿ ಗಂಟಲು ಒಣಗಿದೆ; ಇನ್ನು ಓದಿಕೊಳ್ಳಿ.

ಮೈ ಉರಿಸುವುದು ಆ 'ಅಂತೆ'. ಕಳೆದ ತಿಂಗಳು ಹಾಸನದಲ್ಲಿ ಮದುವೆಯೂಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯ ವಕೀಲರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಿವೃತ್ತ ನ್ಯಾಯಾಧೀಶರ ಮಾತನ್ನೇ ತಳ್ಳಿಹಾಕಿದಿರಂತೆ?" ಎಂದರು. ಎದುರು ಪಂಕ್ತಿಯವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಪುಸ್ತಕ ಓದಿದ್ದೀರಾ ಎಂದು ಕೇಳಿದೆ. "ತಂದಿಟ್ಟುಕೊಂಡಿದ್ದೇನೆ" ಎಂದರು.

ನಡೆದದ್ದು ಇಷ್ಟು. ಸೆಕ್ಷನ್ ಎಂಬುದಕ್ಕೆ ನಾನು 'ಕಲಂ' ಎಂದು ಬರೆದಿದ್ದೆ. ಆ ಹಿರಿಯರು ಅಷ್ಟನ್ನೂ ಹೊಡೆದುಹಾಕಿ ಹಸಿರು ಶಾಯಿಯಲ್ಲಿ 'ಪ್ರಕರಣ' ಎಂದು ತಿದ್ದಿದರು. ರಾಜ್ಯದ ಅಧಿನಿಯಮಗಳ ಕನ್ನಡ ಪಠ್ಯದಲ್ಲಿರುವುದು 'ಪ್ರಕರಣ'ವೇ, ಅವರದು ತಪ್ಪಲ್ಲ. ಆದರೆ ಪತ್ರಿಕೆ ಓದುವವರಿಗೆ ಪ್ರಕರಣವೆಂದರೆ ಕೇಸು. ತಿದ್ದಿದ ಮೇಲೆ ಒಂದು ಸಾಲು ಹೀಗಾಗಿತ್ತು: "ಈ ಪ್ರಕರಣದಲ್ಲಿ ಪ್ರಕರಣ 103ರ ಅಡಿ ಪ್ರಕರಣ ದಾಖಲಾಗಿದೆ." ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಓದುವ ಹುಡುಗಿಯ ಗತಿ ಏನು? ಠಾಣೆಯವರು ಎಫ್‌ಐಆರ್‌ನಲ್ಲಿ ಬರೆಯುವುದೂ ಕಲಂ ಎಂದೇ. ಉಳಿಸಿಕೊಂಡೆ.

ಎರಡನೆಯ ಜಗಳ ಹಳೆಯ ಸಂಖ್ಯೆಗಳದ್ದು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕೊಲೆಯ 302 ಹೋಗಿ 103 ಆಯಿತು. ಹೊಸ ಸಂಹಿತೆಯಲ್ಲೂ ಒಂದು 302 ಇದೆ, ಅದು ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವ ಮಾತಿಗೆ! ಹಳತು ಹೊಸತನ್ನು ಎದುರುಬದುರು ಇಟ್ಟ ಪಟ್ಟಿಯೊಂದನ್ನು ಸೇರಿಸಿದ್ದೆ. ಸತ್ತ ಕಾನೂನಿಗೆ ಜಾತಕವೇಕೆ ಎಂದರು ಇನ್ನೊಬ್ಬ ಪರಿಶೀಲಕರು. ಸತ್ತಿಲ್ಲ ಸ್ವಾಮಿ. ಆ ದಿನಾಂಕಕ್ಕೆ ಮೊದಲು ನಡೆದ ಕೊಲೆ ಇವತ್ತು ವಿಚಾರಣೆಗೆ ಬಂದರೂ 1860ರ ದಂಡ ಸಂಹಿತೆಯ 302ನ್ನೇ ತೆರೆಯಬೇಕು. ಪಟ್ಟಿ ಉಳಿಯಿತು. ಮೂರನೆಯ ಜಗಳ ರಕ್ಷಾಪುಟದ ಬಣ್ಣದ್ದು, ಬಿಡಿ.

ಅವರಿಬ್ಬರ ಉಳಿದ ತಿದ್ದುಪಡಿಗಳಲ್ಲಿ ಬಹುಪಾಲನ್ನು ಬಾಯಿ ಮುಚ್ಚಿಕೊಂಡು ಒಪ್ಪಿದ್ದೇನೆ. ಆ ಸುದ್ದಿಗೆ ಮಾತ್ರ 'ಅಂತೆ' ಹತ್ತುವುದಿಲ್ಲ.

ನನ್ನನ್ನು ಕೇಳಬೇಕಾದದ್ದು ಬೇರೆ: ನೀವು ಮೂವರೂ ಜಗಳವಾಡದೆ ಒಪ್ಪಿದ್ದು ಯಾವುದನ್ನು? ಅದೇ ಪಟ್ಟಿಯ ಒಂದು ಸಾಲನ್ನು. 'ಹಳೆಯದು 420, ಹೊಸದು 318.' ಹಸಿರು ಶಾಯಿ ಅದನ್ನು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಪುಸ್ತಕ ಅಂಗಡಿ ಸೇರಿದ ಎರಡನೆಯ ವಾರ ಕಿರಿಯ ವಕೀಲೆಯೊಬ್ಬರು ಫೋನ್ ಮಾಡಿದರು. "ಸರ್, 318 ಎಂದರೆ ಯಾವುದು? ಎರಡನೆಯ ಉಪಕಲಂ ಆದರೆ ಮೂರು ವರ್ಷದವರೆಗೆ ಶಿಕ್ಷೆ, ನಾಲ್ಕನೆಯದಾದರೆ ಏಳು. 420 ಬಂದಿರುವುದು ನಾಲ್ಕಕ್ಕೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು, ತಿರುಗಿ ವಾದಿಸಬಹುದಿತ್ತು.

ಗೋದಾಮಿನಲ್ಲಿ ಎರಡು ದಿನ ಕುಳಿತು ಉಳಿದ ಪ್ರತಿಗಳಿಗೆ ತಪ್ಪು–ಒಪ್ಪು ಚೀಟಿ ಅಂಟಿಸಿದೆ: 'ಕಲಂ 318(4) ಎಂದು ಓದಿಕೊಳ್ಳಿ.' ನ್ಯಾಯಾಧೀಶರಿಗೂ ಒಂದನ್ನು ಅಂಚೆಯಲ್ಲಿ ಕಳುಹಿಸಿದೆ. ವಾರದೊಳಗೆ ಮರಳಿ ಬಂತು. (4)ರ ಪಕ್ಕದಲ್ಲಿ ಒಂದು ಸರಿ ಗುರುತು. ಕಲಂ ಎಂಬುದನ್ನು ಹೊಡೆದು, ಮೇಲೆ ಹಸಿರು ಶಾಯಿಯಲ್ಲಿ 'ಪ್ರಕರಣ'.