ಇಬಿಆರ್-1: ನಾಲ್ಕು ಬಲ್ಬು ನೋಡೋಕೆ ಹೋಗಿ ಫ್ಯೂಯಲ್ ರಾಡ್ ಕಥೆ ಕೇಳ್ಕೊಂಡು ಬಂದ್ವಿ

ಐಡಾಹೋ ಫಾಲ್ಸ್ ಬಿಟ್ಟು ಹೈವೇ 20 ಹಿಡಿದು ಪಶ್ಚಿಮಕ್ಕೆ ಹೊರಟ್ರೆ ಸ್ವಲ್ಪ ದೂರ ಆಲೂಗಡ್ಡೆ ಹೊಲ, ಆಮೇಲೆ ಏನೂ ಇಲ್ಲ. ಬೂದು ಹಸಿರು ಬಣ್ಣದ ಸೇಜ್‌ಬ್ರಶ್ ಪೊದೆ, ನಡುನಡುವೆ ಕಪ್ಪು ಲಾವಾ ಕಲ್ಲು, ಎಡಗಡೆ ದೂರದಲ್ಲಿ ಒಂದೆರಡು ಒಂಟಿ ಗುಡ್ಡ, ಅಷ್ಟೇ. ನಾವಿರೋದು ಸಾಲ್ಟ್ ಲೇಕ್ ಸಿಟಿಲಿ, ಬೇಸಿಗೆ ರಜೆಗೆ ಯೆಲ್ಲೋಸ್ಟೋನ್ ಅಂತ ಪ್ಲಾನ್ ಇತ್ತು, ಊರಿಂದ ಮಾವ ಬಂದಿದ್ರಲ್ಲ, ಅವರು ಮ್ಯಾಪ್ ನೋಡ್ತಾ "ದಾರೀಲಿ ಆರ್ಕೋ ಅಂತ ಊರು ಬರುತ್ತಲ್ವಾ, ಇಬಿಆರ್-1 ಅನ್ನೋ ಹಳೇ ರಿಯಾಕ್ಟರ್ ಮ್ಯೂಸಿಯಂ ಅಲ್ಲೇ ಹತ್ರ ಇರೋದು, ಒಂದು ದಿನ ಅದಕ್ಕೆ ಇಡೋಣ್ವಾ" ಅಂದ್ರು. ಮಾವ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ, ರಿಯಾಕ್ಟರ್‌ಗೆ ಇಂಧನ ತುಂಬೋ ಫ್ಯೂಯಲಿಂಗ್ ಮಷಿನ್ ಮೇಂಟೆನೆನ್ಸ್‌ನಲ್ಲಿದ್ದು ರಿಟೈರ್ ಆದವರು, ನನ್ನ ಹೆಂಡ್ತಿ ಬೆಳೆದಿದ್ದೆಲ್ಲ ಮಲ್ಲಾಪುರದ ಟೌನ್‌ಶಿಪ್‌ನಲ್ಲೇ. ಅವರು ಬಾಯಿಬಿಟ್ಟು ಏನಾದ್ರೂ ಕೇಳೋದೇ ಅಪರೂಪ, ಹಾಗಾಗಿ ಇಬ್ಬರೂ ಒಂದೇ ಸಲ ಸರಿ ಅಂದ್ವಿ.

ಈ ಬಯಲು ಖಾಲಿ ಕಾಣುತ್ತೆ, ಆದ್ರೆ ಪರಮಾಣು ವಿಜ್ಞಾನದ ಲೆಕ್ಕದಲ್ಲಿ ಇಷ್ಟು ಕೆಲಸ ನಡೆದಿರೋ ನೆಲ ಪ್ರಪಂಚದಲ್ಲೇ ಕಮ್ಮಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ದೊಡ್ಡ ಫಿರಂಗಿಗಳನ್ನ ರಿಪೇರಿ ಮಾಡಿ ತಂದು ಇಲ್ಲಿ ಹಾರಿಸಿ ನೋಡ್ತಿದ್ರಂತೆ, 1949ರಲ್ಲಿ ಅದೇ ಜಾಗಾನ ರಿಯಾಕ್ಟರ್ ಪರೀಕ್ಷೆ ಮಾಡೋಕೆ ಅಂತಲೇ ತಗೊಂಡ್ರು. ಸುಮಾರು 2300 ಚದರ ಕಿಲೋಮೀಟರ್. ಅಲ್ಲಿಂದ ಇಲ್ಲೀವರೆಗೆ ಇಲ್ಲಿ ಕಟ್ಟಿರೋ ರಿಯಾಕ್ಟರ್ 50ಕ್ಕೂ ಮೇಲೆ. ಈಗ ಇದರ ಹೆಸರು ಐಡಾಹೋ ನ್ಯಾಷನಲ್ ಲ್ಯಾಬೊರೇಟರಿ. ಕರೆಂಟ್ ಮಾರೋಕೆ ಅಂತ ಕಟ್ಟಿದ್ದಲ್ಲ ಇವು, ಒಂದೊಂದನ್ನೂ ಕಟ್ಟಿದ್ದು ಒಂದೊಂದು ಪ್ರಶ್ನೆಗೆ ಉತ್ತರ ಹುಡುಕೋಕೆ.

ಅರ್ಧ ದಾರೀಲಿ ಬಲಗಡೆ ದೂರದಲ್ಲಿ ಒಂದು ಗುಮ್ಮಟ ಕಂಡ ಕೂಡ್ಲೇ ಮಾವ "ಅಗೋ, ಇಬಿಆರ್-2" ಅಂತ ಸೀಟಲ್ಲೇ ಮುಂದಕ್ಕೆ ಬಾಗಿದ್ರು. ಅಲ್ಲಿಗೆ ಸುಮ್ಮನೆ ಹೋಗೋಕೆ ಬಿಡಲ್ಲ, ರೋಡಿಂದಲೇ ನೋಡಬೇಕು. 1964ರಿಂದ 1994ರವರೆಗೆ ಓಡಿದ ರಿಯಾಕ್ಟರ್ ಅದು, ಈಗ ಆ ಗುಮ್ಮಟವನ್ನೇ ಸಣ್ಣ ಮೈಕ್ರೋರಿಯಾಕ್ಟರ್‌ಗಳನ್ನ ಪರೀಕ್ಷೆ ಮಾಡೋಕೆ ಅಂತ ಮತ್ತೆ ಸಿದ್ಧ ಮಾಡ್ತಿದಾರೆ. ಅದರ ವಿಷಯ ಆಮೇಲೆ ಬರುತ್ತೆ, ಯಾಕಂದ್ರೆ ಮಾವ ಅದನ್ನ ಆಗ ಹೇಳಲೇ ಇಲ್ಲ, "ಮೊದಲು ಒಂದನ್ನ ನೋಡಿ, ಆಮೇಲೆ ಎರಡು" ಅಂದ್ರು.

ಇಬಿಆರ್-1 ಅಂದ್ರೆ ಎಕ್ಸ್‌ಪೆರಿಮೆಂಟಲ್ ಬ್ರೀಡರ್ ರಿಯಾಕ್ಟರ್-1. ಹೊರಗಿಂದ ಸಾಧಾರಣ ಇಟ್ಟಿಗೆ ಬಣ್ಣದ ಕಟ್ಟಡ. ಪಾರ್ಕಿಂಗ್ ಪಕ್ಕದಲ್ಲಿ ಎರಡು ಭಾರೀ ಯಂತ್ರಗಳನ್ನ ನಿಲ್ಲಿಸಿದ್ದಾರೆ, ಪೈಪಿನ ಮೇಲೆ ಪೈಪು, ಎತ್ತರಕ್ಕೆ ಮನೆಗಿಂತ ದೊಡ್ಡವು. ಪರಮಾಣು ಶಕ್ತಿಯಿಂದ ವಿಮಾನ ಹಾರಿಸಬೇಕು ಅಂತ 1950ರ ದಶಕದಲ್ಲಿ ಮಾಡಿದ ಪ್ರಯೋಗದ ಎಂಜಿನ್‌ಗಳು, ಎಚ್‌ಟಿಆರ್‌ಇ-2 ಮತ್ತು 3. ನೆಲದ ಮೇಲೆ ಜೆಟ್ ಎಂಜಿನ್ ತಿರುಗಿಸಿ ತೋರಿಸಿದ್ರು, ಹಾರಲಿಲ್ಲ, 1961ರಲ್ಲಿ ಕೆನಡಿ ಸರ್ಕಾರ ಯೋಜನೆ ನಿಲ್ಲಿಸ್ತು. ಬಿಸಿಲು ಜೋರಿತ್ತು, ಫೋಟೋ ತಗೊಂಡು ಒಳಗೆ ಹೋದ್ವಿ.

ಒಳಗೆ ಎಲ್ಲರೂ ಮೊದಲು ಹೋಗೋದು ಟರ್ಬೈನ್ ಜನರೇಟರ್ ಇರೋ ಜಾಗಕ್ಕೆ. 1951ರ ಡಿಸೆಂಬರ್ 20ರ ಮಧ್ಯಾಹ್ನ ಇಲ್ಲಿ ಪರಮಾಣು ಶಾಖದಿಂದ ಬಂದ ಕರೆಂಟ್‌ನಲ್ಲಿ ನಾಲ್ಕು ಬಲ್ಬ್ ಉರಿದವು, ಒಂದೊಂದು 200 ವ್ಯಾಟ್. ಮಾರನೇ ದಿನ ಇಡೀ ಕಟ್ಟಡಕ್ಕೇ ಕರೆಂಟ್ ಕೊಡ್ತು. ಅವತ್ತು ಇಲ್ಲಿದ್ದವರು ಸೀಮೆಸುಣ್ಣ ತಗೊಂಡು ಗೋಡೆ ಮೇಲೆ ತಮ್ಮ ಹೆಸರು ಬರೆದಿದ್ದಾರೆ, ಅದರಲ್ಲಿ ವಾಲ್ಟರ್ ಜಿನ್ ಹೆಸರೂ ಇದೆ. 1942ರಲ್ಲಿ ಶಿಕಾಗೋದಲ್ಲಿ ವಿಜ್ಞಾನಿ ಫರ್ಮಿ ಜೊತೆ ಮೊದಲ ರಿಯಾಕ್ಟರ್ ನಡೆಸಿದ ತಂಡದಲ್ಲಿದ್ದವರು, ಇಬಿಆರ್-1ರ ಕನಸು ಕಂಡು ಕಟ್ಟಿಸಿದವರೂ ಅವರೇ. ಮಗಳು ಗೋಡೆ ನೋಡಿ "ನಮ್ಮ ಸ್ಕೂಲಲ್ಲಿ ಹೀಗೆ ಬರೆದ್ರೆ ಬೈತಾರೆ" ಅಂದ್ಲು, ತಾತ ಜೋರಾಗಿ ನಕ್ಕುಬಿಟ್ರು.

ಆದ್ರೆ ಬಲ್ಬು ಈ ರಿಯಾಕ್ಟರ್‌ನ ಮುಖ್ಯ ಗುರಿಯೇ ಆಗಿರಲಿಲ್ಲ ಅನ್ನೋದು ಅಲ್ಲಿ ನಿಂತಾಗಲೇ ಗೊತ್ತಾಗಿದ್ದು. ಇದನ್ನ ಕಟ್ಟಿದ್ದು ಬ್ರೀಡಿಂಗ್ ಸಾಧ್ಯಾನಾ ಅಂತ ನೋಡೋಕೆ. ಯುರೇನಿಯಂ-235 ಸೀಳಿದಾಗ ಬರೋ ನ್ಯೂಟ್ರಾನ್‌ಗಳಲ್ಲಿ ಕೆಲವು ಸುತ್ತ ಇಟ್ಟಿರೋ ಯುರೇನಿಯಂ-238ಕ್ಕೆ ಸೇರಿ ಅದು ಪ್ಲುಟೋನಿಯಂ ಆಗುತ್ತೆ, ಹಾಗೆ ಉರಿಸಿದ್ದಕ್ಕಿಂತ ಜಾಸ್ತಿ ಇಂಧನ ಹುಟ್ಟುತ್ತಾ? 1953ರಲ್ಲಿ ಹೌದು ಅಂತ ಘೋಷಣೆ ಆಯ್ತು. ಕೋರ್, ಅಂದ್ರೆ ಇಂಧನ ಇರೋ ನಡುಭಾಗ, ಎಷ್ಟು ಸಣ್ಣದು ಅಂದ್ರೆ ನಂಬೋಕೆ ಆಗಲ್ಲ, ಅಗಲ ಎತ್ತರ ಎರಡೂ ಸುಮಾರು 20 ಸೆಂಟಿಮೀಟರ್, ಅಷ್ಟರಲ್ಲೇ 50 ಕೆಜಿ ಆಸುಪಾಸು ಯುರೇನಿಯಂ, ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಒಳಗೆ ತುಂಬಿದ ಪೆನ್ಸಿಲ್ ಗಾತ್ರದ ರಾಡ್‌ಗಳಲ್ಲಿ. ತಂಪು ಮಾಡೋಕೆ ನೀರಲ್ಲ, ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹ, ರೂಮಿನ ಉಷ್ಣಾಂಶದಲ್ಲೇ ದ್ರವವಾಗಿರುತ್ತೆ. ನೀರು ನ್ಯೂಟ್ರಾನ್‌ಗಳ ವೇಗ ಇಳಿಸಿಬಿಡುತ್ತೆ, ಬ್ರೀಡಿಂಗ್‌ಗೆ ಅವು ವೇಗವಾಗಿಯೇ ಇರಬೇಕು, ಅದಕ್ಕೆ.

ಕಂಟ್ರೋಲ್ ರೂಮ್‌ಗೆ ಬಂದಾಗ ಮಾವ ಪ್ಯಾನೆಲ್ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ರು. 1955ರ ನವೆಂಬರ್ 29ರ ಕಥೆ ಅವರು ಹೇಳಿದ್ದು ಇಲ್ಲೇ. ಅದಕ್ಕೂ ಮುಂಚೆ ಈ ರಿಯಾಕ್ಟರ್‌ನಲ್ಲಿ ಒಂದು ವಿಚಿತ್ರ ಕಂಡಿತ್ತು, ತಂಪು ಮಾಡೋ ದ್ರವದ (ಕೂಲೆಂಟ್) ಹರಿವು ಕಮ್ಮಿ ಮಾಡಿದ್ರೆ ಪವರ್ ತಾನಾಗೇ ಏರೋದು. ಯಾಕೆ ಅಂತ ಹುಡುಕೋಕೆ ಅಂತಲೇ ಅವತ್ತು ಪ್ರಯೋಗ ಇಟ್ಟಿದ್ರು, ಹರಿವು ನಿಲ್ಲಿಸಿ ಪವರ್ ಏರಿಸ್ತಾ ಹೋದ್ರು, ನಿಲ್ಲಿಸಬೇಕಾದಾಗ ವೇಗದ ಸ್ಕ್ರಾಮ್ (ರಿಯಾಕ್ಟರ್‌ನ ತುರ್ತಾಗಿ ನಿಲ್ಲಿಸೋದು) ಬದಲು ನಿಧಾನಕ್ಕೆ ಚಲಿಸೋ ಕಂಟ್ರೋಲ್ ರಾಡ್ ಗುಂಡಿ ಒತ್ತಿದ್ರಿಂದ ಎರಡು ಸೆಕೆಂಡ್‌ನಷ್ಟು ತಡ ಆಯ್ತು, ಅಷ್ಟರೊಳಗೆ ಕೋರ್‌ನಲ್ಲಿ ಅರ್ಧದ ಹತ್ತಿರ ಕರಗಿಹೋಯ್ತು. ಯಾರಿಗೂ ಏಟಾಗಲಿಲ್ಲ.

"ಯಾಕೆ ಹಾಗಾಯ್ತು ಗೊತ್ತಾ?" ಅಂತ ಮಾವ ಬ್ರೋಷರ್ ಹಾಳೆಯನ್ನ ಉದ್ದಕ್ಕೆ ಮಡಚಿ ಎರಡೂ ತುದಿ ಹಿಡಿದು ತೋರಿಸಿದ್ರು. "ಇದು ರಾಡ್ ಅಂದ್ಕೊಳ್ಳಿ. ಕೋರ್ ಮಧ್ಯದ ಕಡೆ ಇರೋ ಮೈ ಜಾಸ್ತಿ ಬಿಸಿ, ಹೊರಗಿನ ಮೈ ಕಮ್ಮಿ ಬಿಸಿ. ಬಿಸಿ ಇರೋ ಮೈ ಜಾಸ್ತಿ ಹಿಗ್ಗುತ್ತೆ, ತುದಿಗಳು ಕದಲೋ ಹಾಗಿಲ್ಲ, ಹಾಗಾಗಿ ನಡು ಒಳಕ್ಕೆ ಬಾಗುತ್ತೆ. ಎಲ್ಲಾ ರಾಡೂ ಕೂದಲೆಳೆಯಷ್ಟು ಒಳಗೆ ಬಾಗಿದ್ರೂ ಸಾಕು, ಇಂಧನ ಹತ್ರ ಹತ್ರ ಬಂತು, ಪವರ್ ಏರ್ತು, ಏರಿದ್ದಕ್ಕೆ ಇನ್ನೂ ಬಾಗ್ತು." ಮುಂದಿನ ಕೋರ್‌ನಲ್ಲಿ ರಾಡ್‌ಗಳ ಮೈಗೆ ಏಣು ಕೊಟ್ಟು ಒಂದಕ್ಕೊಂದು ಬಿಗಿಯಾಗಿ ಕೂರಿಸಿದ್ರು, ಬಾಗೋಕೆ ಜಾಗಾನೇ ಇಲ್ಲದ ಹಾಗೆ. ಆ ವಿಚಿತ್ರ ಅಲ್ಲಿಗೆ ಹೋಯ್ತು. ಇಷ್ಟು ದೊಡ್ಡ ಕಟ್ಟಡ, ಇಷ್ಟು ಮೀಟರು, ಇಷ್ಟು ಗೋಡೆ, ಎಲ್ಲದರ ಹಣೆಬರಹ ನಿಂತಿದ್ದು ಒಂದು ಲೋಹದ ಕಡ್ಡಿ ಎಷ್ಟು ಬಾಗುತ್ತೆ ಅನ್ನೋದರ ಮೇಲೆ. ನಾನು ಸಾಫ್ಟ್‌ವೇರ್‌ನವನು, ರಿಯಾಕ್ಟರ್ ಅಂದ್ರೆ ಇಷ್ಟು ದಿನ ನನ್ನ ತಲೇಲಿ ಬರ್ತಿದ್ದಿದ್ದು ಫಾರ್ಮುಲಾ, ಪರಮಾಣು ಸೀಳೋ ಚಿತ್ರ, ಇಂಥವೇ. ಮಾವನಂಥವರಿಗೆ ರಿಯಾಕ್ಟರ್ ಅಂದ್ರೆ ಲೋಹ. ಅದು ಹಿಗ್ಗುತ್ತೆ, ಉಬ್ಬುತ್ತೆ, ಉದ್ದ ಆಗುತ್ತೆ, ಬಿರುಸಾಗುತ್ತೆ, ಅದನ್ನೇ ದಿನಾ ಕಾಯಬೇಕು.

ಅಲ್ಲಿಂದ ಹಾಟ್ ಸೆಲ್ ಹತ್ರ ಬಂದ್ವಿ. ರಿಯಾಕ್ಟರ್‌ನಿಂದ ತೆಗೆದ ರಾಡ್ ಕೈಲಿ ಮುಟ್ಟೋದಿರಲಿ, ಹತ್ರ ಸುಳಿಯೋಕೂ ಆಗಲ್ಲವಲ್ಲ, ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ ಒಳಗಿಟ್ಟು ಹೊರಗಿಂದ ಯಾಂತ್ರಿಕ ಕೈಗಳಲ್ಲಿ ಹಿಡಿದು ಪರೀಕ್ಷೆ ಮಾಡ್ತಾರೆ. ನೋಡೋಕೆ ಕಿಟಕಿ ಇದೆ, ಅದರ ಗಾಜಿನ ದಪ್ಪ ನೋಡಿದ್ರೆ ಕಿಟಕಿ ಅನ್ನೋಕೆ ಮನಸ್ಸು ಬರಲ್ಲ. ಜನ ಆಡಿಸಿ ನೋಡಲಿ ಅಂತ ಮ್ಯಾನಿಪ್ಯುಲೇಟರ್ ಕೈಗಳನ್ನೂ ಇಟ್ಟಿದ್ದಾರೆ. ಮಗಳು ಹಿಡಿಕೆಗೆ ಬೆರಳು ತೂರಿಸಿ ಆ ಕಡೆ ಇದ್ದ ಕಟ್ಟಿಗೆ ತುಂಡು ಎತ್ತೋಕೆ ನೋಡಿದ್ಲು, ಹಿಡಿಯೋದು, ಜಾರೋದು, ಮತ್ತೆ ಹಿಡಿಯೋದು. ಮಾವ ಹಿಂದೆ ನಿಂತು "ಮಣಿಕಟ್ಟು ತಿರುಗಿಸಬೇಡ ಪುಟ್ಟಿ, ಮೊಣಕೈಯಿಂದ ತಾ, ನಿಧಾನ, ಈಗ ಬಿಡು" ಅಂತ ಹೇಳಿಕೊಡ್ತಿದ್ರು. ಎರಡು ಇಂಚು ಎತ್ತಿ ಇನ್ನೊಂದರ ಮೇಲೆ ಕೂರಿಸೋಕೆ ಅವಳಿಗೆ ಅಷ್ಟು ಹೊತ್ತು ಹಿಡೀತು, ಇದೇ ಕೈಗಳಲ್ಲಿ ಜನ ವರ್ಷಗಟ್ಟಲೆ ರಾಡ್ ಅಳೆದು, ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟಿದ್ದಾರೆ.

ಆ ಕೆಲಸ ಇವತ್ತಿಗೂ ನಡೀತಿದೆ, ನಾವು ಬೆಳಿಗ್ಗೆ ಕಂಡ ಗುಮ್ಮಟದ ಪಕ್ಕದಲ್ಲೇ. ಅಲ್ಲಿನ ಹಾಟ್ ಫ್ಯೂಯಲ್ ಎಕ್ಸಾಮಿನೇಷನ್ ಫೆಸಿಲಿಟಿಯ ದೊಡ್ಡ ಸೆಲ್‌ನಲ್ಲಿ ಗಾಳಿಯೇ ಇಲ್ಲ, ಆರ್ಗಾನ್ ತುಂಬಿರ್ತಾರೆ, ಸೋಡಿಯಂ ಆಗಲಿ ಯುರೇನಿಯಂ ಲೋಹ ಆಗಲಿ ಗಾಳಿ ತಾಗಿದ್ರೆ ಸುಮ್ಮನಿರಲ್ಲ. ಕಿಟಕಿ ದಪ್ಪ ನಾಲ್ಕು ಅಡಿ. ರಾಡ್‌ಗೆ ಲೇಸರ್‌ನಲ್ಲಿ ತೂತು ಮಾಡಿ ಒಳಗೆ ಸೇರಿಕೊಂಡಿರೋ ಅನಿಲ ಎಷ್ಟು ಅಂತ ಅಳೀತಾರೆ, ಕೆಳಗೆ ಒಂದು ಸಣ್ಣ ರಿಯಾಕ್ಟರ್ ಇಟ್ಟುಕೊಂಡು ಅದರ ನ್ಯೂಟ್ರಾನ್‌ಗಳಲ್ಲೇ ರಾಡ್‌ನ ಒಳಗಿನ ಚಿತ್ರ ತೆಗೀತಾರೆ. ಲೋಹದ ಚೂರುಗಳನ್ನ ನ್ಯೂಟ್ರಾನ್‌ಗೆ ಒಡ್ಡಿ ಹಲವು ವರ್ಷದ ಸವೆತವನ್ನ ಬೇಗ ನೋಡೋಕೆ 1967ರಿಂದ ಓಡ್ತಿರೋ ಅಡ್ವಾನ್ಸ್ಡ್ ಟೆಸ್ಟ್ ರಿಯಾಕ್ಟರ್ ಇದೆ, ಇಂಧನಕ್ಕೆ ಕ್ಷಣಮಾತ್ರದ ಭಾರೀ ಪವರ್ ಏಟು ಕೊಟ್ಟು ಅದು ಹೇಗೆ ಒಡೆಯುತ್ತೆ ಅಂತ ನೋಡೋಕೆ ಟ್ರೀಟ್ ಅನ್ನೋ ರಿಯಾಕ್ಟರ್ ಇದೆ, 1994ರಲ್ಲಿ ನಿಲ್ಲಿಸಿದ್ದನ್ನ 2017ರಲ್ಲಿ ಮತ್ತೆ ಶುರು ಮಾಡಿದ್ರು.

ಹೊರಗೆ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಮಾವ ಎರಡನೇದರ ಕಥೆಗೆ ಬಂದ್ರು. ಯುರೇನಿಯಂ ಸೀಳಿದಾಗ ಹುಟ್ಟೋ ತುಂಡುಗಳಲ್ಲಿ ಕ್ಸೆನಾನ್, ಕ್ರಿಪ್ಟಾನ್ ಅನಿಲಗಳೂ ಇರ್ತವೆ, ಅವು ಲೋಹದೊಳಗೆ ಗುಳ್ಳೆ ಕಟ್ಟುತ್ತವೆ, ಇಂಧನ ಉಬ್ಬುತ್ತೆ. ಇಬಿಆರ್-2ರ ಮೊದಮೊದಲ ರಾಡ್‌ಗಳಲ್ಲಿ ಇಂಧನವನ್ನ ಸ್ವಲ್ಪವೇ ಜಾಗ ಬಿಟ್ಟು ತುಂಬಿದ್ರು, ಉಬ್ಬಿದ ಇಂಧನ ಕವಚವನ್ನ ಒತ್ತಿ ಸೀಳೋದು, ನೂರರಲ್ಲಿ ಮೂರು ಪರಮಾಣು ಉರಿಸೋದೂ ಕಷ್ಟ. ಆಮೇಲೆ ಒಳಗಿನ ಜಾಗದಲ್ಲಿ ಮುಕ್ಕಾಲು ಭಾಗ ಮಾತ್ರ ಇಂಧನ ಇಟ್ಟು ಉಳಿದಿದ್ದಕ್ಕೆ ಸೋಡಿಯಂ ತುಂಬಿದ್ರು, ಮೇಲೆ ಅನಿಲಕ್ಕೆ ಅಂತ ಖಾಲಿ ಜಾಗ. ಈಗ ಇಂಧನ ಉಬ್ಬುತ್ತೆ, ಕವಚ ತಾಗೋ ಹೊತ್ತಿಗೆ ಗುಳ್ಳೆಗಳು ಒಂದಕ್ಕೊಂದು ಸೇರಿ ದಾರಿ ಆಗುತ್ತೆ, ಅನಿಲ ಮೇಲಕ್ಕೆ ಹೋಗಿಬಿಡುತ್ತೆ, ಇಂಧನ ಕವಚವನ್ನ ಜೋರಾಗಿ ಒತ್ತಲ್ಲ. ಪರೀಕ್ಷೆಗಳಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ ಉರಿಸಿ ತೋರಿಸಿದ್ರು. ಗಟ್ಟಿ ಮಾಡೋದು ಬಿಟ್ಟು ಉಬ್ಬೋಕೆ ಜಾಗ ಕೊಟ್ಟಿದ್ದು, ನನಗಂತೂ ಇಡೀ ಪ್ರವಾಸದಲ್ಲಿ ಕೇಳಿದ ಅತ್ಯಂತ ಚೆಂದದ ಎಂಜಿನಿಯರಿಂಗ್ ಇದು.

1986ರ ಏಪ್ರಿಲ್ 3ರಂದು ಅದೇ ಇಬಿಆರ್-2ನ್ನ ಪೂರ್ತಿ ಪವರ್‌ನಲ್ಲಿ ಓಡಿಸ್ತಾ, ತಾನಾಗೇ ಸ್ಕ್ರಾಮ್ ಆಗದ ಹಾಗೆ ಮಾಡಿ, ಬೇಕಂತಲೇ ಪಂಪ್‌ಗಳನ್ನ ಆಫ್ ಮಾಡಿದ್ರು. ಸೋಡಿಯಂ ಬಿಸಿ ಏರಿತು, ಕೋರ್‌ನ ಲೋಹ ಹಿಗ್ಗಿತು, ಈ ಸಲ ಹಿಗ್ಗಿದ್ದು ಹೊರಕ್ಕೆ, ಇಂಧನ ದೂರ ದೂರ ಆಯ್ತು, ನ್ಯೂಟ್ರಾನ್‌ಗಳು ಜಾಸ್ತಿ ಸೋರಿಹೋದವು, ಪವರ್ ತಾನಾಗೇ ಇಳಿದುಹೋಯ್ತು. ಮಧ್ಯಾಹ್ನ ಶಾಖ ಹೊರಹೋಗೋ ದಾರಿ ಮುಚ್ಚಿ ನೋಡಿದ್ರು, ಆಗಲೂ ಅದೇ. ಇಂಧನಕ್ಕೆ ಏನೂ ಆಗಲಿಲ್ಲ. ಮೂರು ವಾರ ಕಳೆದು ಚೆರ್ನೋಬಿಲ್ ಆಯ್ತು, ಪ್ರಪಂಚದ ಕಣ್ಣೆಲ್ಲ ಆ ಕಡೆ ತಿರುಗಿತು. "1955ರಲ್ಲಿ ಕೋರ್ ಕರಗಿಸಿದ್ದೂ ಲೋಹ ಹಿಗ್ಗಿದ್ದೇ, 86ರಲ್ಲಿ ಕಾಪಾಡಿದ್ದೂ ಲೋಹ ಹಿಗ್ಗಿದ್ದೇ. ನಡುವೆ 30 ವರ್ಷ ಕೂತು ಅಳೆದವರು ಇದ್ದಾರಲ್ಲ, ಅವರದ್ದು ಕೆಲಸ" ಅಂದ್ರು ಮಾವ.

ಹಾಗಂತ ಇಲ್ಲಿ ಎಲ್ಲಾ ಸುಖಾಂತ್ಯ ಅಲ್ಲ. 1961ರ ಜನವರಿ 3ರಂದು ಇದೇ ಬಯಲಲ್ಲಿ ಎಸ್‌ಎಲ್-1 ಅನ್ನೋ ಸಣ್ಣ ಮಿಲಿಟರಿ ರಿಯಾಕ್ಟರ್‌ನಲ್ಲಿ ಮಧ್ಯದ ಕಂಟ್ರೋಲ್ ರಾಡ್‌ನ ಕೈಯಿಂದ ಎತ್ತುವಾಗ ಮಿತಿ ಮೀರಿ ಮೇಲೆ ಬಂತು, ಪವರ್ ಒಮ್ಮೆಲೇ ಏರಿ ಸ್ಫೋಟ ಆಗಿ ಮೂವರು ಸತ್ತರು. ಅಲ್ಲೂ ಮುಂಚಿನಿಂದಲೇ ಲೋಹದ ತೊಂದರೆ ಇತ್ತು, ನ್ಯೂಟ್ರಾನ್ ಹೀರೋಕೆ ಅಂತ ಅಂಟಿಸಿದ್ದ ಬೋರಾನ್ ಪಟ್ಟಿಗಳು ಬಾಗಿ, ಚೂರುಚೂರಾಗಿ ಉದುರಿದ್ದವು. ಮೂವರೂ ಚಿಕ್ಕ ವಯಸ್ಸಿನವರು. ಮಾವ ಇದನ್ನ ಮೊಮ್ಮಗಳ ಎದುರು ಹೇಳದೆ, ಅವಳು ನೀರು ಕುಡಿಯೋಕೆ ಒಳಗೆ ಹೋದಾಗ ಹೇಳಿದ್ರು.

ನಾನು ಕೈಗಾ ಬಗ್ಗೆ ಕೇಳಿದೆ. ಅಲ್ಲಿನ ಒಂದೊಂದು ಯೂನಿಟ್‌ನಲ್ಲೂ ಇಂಧನ ಕೂರೋ 306 ಚಾನೆಲ್, ಒಳಗಿನ ಜಿರ್ಕೋನಿಯಂ-ನಿಯೋಬಿಯಂ ಪ್ರೆಶರ್ ಟ್ಯೂಬ್ ವರ್ಷಗಳು ಕಳೆದ ಹಾಗೆ ನ್ಯೂಟ್ರಾನ್ ಏಟಿಗೆ ಉದ್ದ ಆಗ್ತಾ, ಸ್ವಲ್ಪ ಜೋತುಬೀಳ್ತಾ ಹೋಗುತ್ತಂತೆ, ಅದನ್ನ ಅಳೆದು ಲೆಕ್ಕ ಇಡ್ತಾರೆ. ಕೈಗಾ-1 ಬಂದ್ ಆಗದೆ 962 ದಿನ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಾಗ ಮಾವ ಮನೇಲಿದ್ರು, ಹಳೇ ಸಹೋದ್ಯೋಗಿಗಳು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದ್ರಂತೆ, ಅದನ್ನ ಹೇಳುವಾಗ ಅವರ ಮುಖ ನೋಡಬೇಕಿತ್ತು. ಇಬಿಆರ್‌ಗಳ ನೇರ ನೆಂಟ ಅಂದ್ರೆ ತಮಿಳುನಾಡಿನ ಕಲ್ಪಾಕಂ. 1985ರಲ್ಲಿ ಅಲ್ಲಿ ಶುರುವಾದ ಎಫ್‌ಬಿಟಿಆರ್ (ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್)ನಲ್ಲಿ ನಮ್ಮವರು ಬೇರೆ ಯಾರೂ ಮುಖ್ಯ ಇಂಧನವಾಗಿ ಹಾಕದ ಪ್ಲುಟೋನಿಯಂ-ಯುರೇನಿಯಂ ಕಾರ್ಬೈಡ್ ಹಾಕಿ ವರ್ಷಾನುಗಟ್ಟಲೆ ಓಡಿಸಿದ್ರು, ಅಲ್ಲೂ ಪ್ರತಿ ಹಂತದಲ್ಲಿ ರಾಡ್ ತೆಗೆದು ಹಾಟ್ ಸೆಲ್‌ನಲ್ಲಿ ಕತ್ತರಿಸಿ ನೋಡಿ, ಇನ್ನೂ ತಡೆಯುತ್ತೆ ಅಂತ ಖಾತ್ರಿ ಮಾಡಿಕೊಂಡೇ ಎಷ್ಟು ಉರಿಸಬಹುದು ಅನ್ನೋ ಮಿತಿ ಏರಿಸಿದ್ದು. ಮುಂದಿನ ಬ್ರೀಡರ್‌ಗಳಿಗೆ ಲೋಹದ ಇಂಧನ ಅನ್ನೋ ಯೋಚನೆಯೂ ಇದೆ, ಅಂದ್ರೆ ಉಬ್ಬೋಕೆ ಜಾಗ ಬಿಡೋ ಅದೇ ಪಾಠ ಅಲ್ಲೂ ಬೇಕು.

ಸಂಜೆ ಆರ್ಕೋ ದಾಟಿಕೊಂಡು ಹೋದ್ವಿ. 1955ರ ಜುಲೈ 17ರಂದು ಬೋರಾಕ್ಸ್-3 ರಿಯಾಕ್ಟರ್ ಕರೆಂಟ್‌ನಲ್ಲಿ ಸ್ವಲ್ಪ ಹೊತ್ತು ಬೆಳಗಿದ ಊರು, ಬೋರ್ಡ್ ಹಾಕ್ಕೊಂಡಿದ್ದಾರೆ. ಅದರಾಚೆ ಕ್ರೇಟರ್ಸ್ ಆಫ್ ದಿ ಮೂನ್ ಅಂತ ಲಾವಾ ಬಯಲಿದೆ, ಅದಕ್ಕೆ ಬೇರೆಯೇ ಬರೀಬೇಕು.

ಹೋಗೋರಿಗೆ: ಮ್ಯೂಸಿಯಂ ಬೇಸಿಗೇಲಿ ಮಾತ್ರ, ಮೇ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ತೆಗೆದಿರುತ್ತೆ, ಟಿಕೆಟ್ ಇಲ್ಲ. ಪೆಟ್ರೋಲ್, ನೀರು, ಊಟ ಐಡಾಹೋ ಫಾಲ್ಸ್‌ನಲ್ಲೇ ನೋಡ್ಕೊಳ್ಳಿ, ನಡುವೆ ಏನೂ ಸಿಗಲ್ಲ. ಬಲ್ಬು ನೋಡಿ, ಫೋಟೋ ತಗೊಳ್ಳಿ, ಆದ್ರೆ ಹಾಟ್ ಸೆಲ್ ಹತ್ರ ಅರ್ಧ ಗಂಟೆ ಇಟ್ಟುಕೊಳ್ಳಿ, ಮಕ್ಕಳಿದ್ರೆ ಒಂದು ಗಂಟೆ.