ಯಾರದೋ ಪೇಜಿನಾಗ ಇವರ ಜಾಹೀರಾತು

ಇವತ್ತು ಗಂಗಾವತಿಯಾಗ ಕಾಕಾ ಫೋನಿನ್ಯಾಗ ಭತ್ತದ ರೇಟ್ ನೋಡಾಕತ್ತಿದ್ರು, ಪೇಜಿನ ಕೆಳಗ ರೀಚಾರ್ಜ್ ಆಫರಿನ ಪಟ್ಟಿ ಬಂದು ಕುಂತುಬಿಡ್ತು, ರೇಟಿನ ಸಾಲೇ ಮುಚ್ಚಿಹೋತು.

"ಈ ಸೈಟ್‌ನವ್ರು ಯಾವಾಗಿಂದ ರೀಚಾರ್ಜ್ ಮಾರಾಕತ್ತಾರಪಾ?" ಅಂದ್ರು.

ಸೈಟ್‌ನವ್ರದು ಅಲ್ಲ ಅದು, ನಮಗ ವೈಫೈ ಕೊಡೋ ನೆಟ್ ಕಂಪನಿಯವ್ರು ನಡುವ ಸೇರಿಸಿದ್ದು. ವೈಫೈ ಬಂದ್ ಮಾಡಿ ಮೊಬೈಲ್ ಡೇಟಾದಾಗ ಅದೇ ಪೇಜ್ ತೆಗೆದೆ, ಪಟ್ಟಿ ಇಲ್ಲ. ಮತ್ತ ವೈಫೈ ಹಾಕಿ ಪೇಜ್ ಸೋರ್ಸ್, ಅಂದ್ರ ಪೇಜಿನ ಹಿಂದಿನ ಕೋಡ್, ನೋಡಿದ್ರ ಕಡೀಗೆ ಒಂದು ಸ್ಕ್ರಿಪ್ಟ್ ಸಾಲು ಜಾಸ್ತಿ ಐತಿ! ಅಡ್ರೆಸ್ಸು ಬರೇ ಎಚ್‌ಟಿಟಿಪಿ, ಮುಂದಿನ ಎಸ್ ಇಲ್ಲ, ಅಂದ್ರ ನಡುವ ಇರೋರು ಓದಬಹುದು, ತಿದ್ದಬಹುದು, ಕಾಲುವಿ ನೀರು ಟೇಲೆಂಡ್ ಮುಟ್ಟೋದ್ರಾಗ ಯಾರೋ ಏನೋ ಬೆರೆಸಿದಂಗ.

ಸಿಟ್ಟು ಬಂತು. ತಿಂಗಳಾ ರೊಕ್ಕ ಕೊಡೋದು ನಾವು, ಪೇಜ್ ಮಾಡಿದವ್ರು ಬ್ಯಾರೆಯವ್ರು, ಇಬ್ಬರನ್ನೂ ಕೇಳದ ಒಳಗ ಕೈ ಹಾಕೋದು ಯಾವ ನ್ಯಾಯ? ಇವತ್ತು ಜಾಹೀರಾತು ಹಾಕಿದವ್ರು ನಾಳೆ ರೇಟನ್ನ ಬದಲಿ ಮಾಡಿದ್ರ ಕಾಕಾಗ ಹೆಂಗ ಗೊತ್ತಾಗಬೇಕು?

ಎಸ್ ಇರೋ ಎಚ್‌ಟಿಟಿಪಿಎಸ್‌ನಾಗ ಪೇಜು ಬೀಗ ಹಾಕಿದಂಗ ಬರತೈತಿ; ಅದು ಇದ್ರ ಯಾವ ಸೈಟಿಗೆ ಹೋದ್ವಿ ಅನ್ನೋದು ಅವ್ರಿಗೆ ಕಾಣಬಹುದು, ಆದ್ರ ಒಳಗಿಂದು ತಿದ್ದಾಕ ಬರಂಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯವ್ರು 2015ರಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಪುಕ್ಕಟ ಕೊಡಾಕತ್ತಾರ, ಸೈಟ್‌ನವ್ರಿಗೆ ಅದನ್ನ ಬರೆದು ಮೇಲ್ ಹಾಕೀನಿ. ನೆಟ್ ಕಂಪನಿಗೂ ಕಂಪ್ಲೇಂಟ್ ಕೊಟ್ಟೀನಿ.

ನಿಮ್ಮ ಮನಿ ವೈಫೈದಾಗೂ ಹಿಂಗ ಪಟ್ಟಿ ಬಂದ್ರ ಸ್ಕ್ರೀನ್‌ಶಾಟ್ ತೆಗೆದು ಕಳಸ್ರಿ, ಎಲ್ಲಾರೂ ಕೂಡಿ ಕೇಳೂಣು.