ಬೆಳಕು ಕುಂದಿದ್ದೆಲ್ಲ ಗ್ಯಾಸ್ ಅಲ್ಲ

ಜಿಂಕ್ ಆಕ್ಸೈಡಿನ ನ್ಯಾನೋಪುಡಿಗೆ 365 ನ್ಯಾನೋಮೀಟರಿನ ಯುವಿ ಎಲ್‌ಇಡಿ ಹಿಡಿದರೆ ಹಳದಿ-ಹಸಿರಾಗಿ ಹೊಳೆಯುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಗ್ಯಾಸ್ ಕಣದ ಮೈಗಂಟಿ ಎಲೆಕ್ಟ್ರಾನ್ ಕಸಿದುಕೊಂಡಾಗ ಹೊಳಪು ಕುಂದುತ್ತದೆ. ಆ ಕುಂದುವಿಕೆಯನ್ನು ಅಳೆದು ಗ್ಯಾಸ್ ಪತ್ತೆಹಚ್ಚುವ ಸೆನ್ಸರ್ ಇದು. ಮಾಮೂಲಿ ಸೆನ್ಸರಿನ ಹಾಗೆ 200–400 ಡಿಗ್ರಿಗೆ ಕಾಯಿಸುವ ಗೋಜಿಲ್ಲ. ಸುಖ ಅಷ್ಟೇ.

ಪುಡಿ ಮಾಡುವುದು ಸುಲಭ. 2.95 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟನ್ನು 125 ಮಿ.ಲೀ. ಮೆಥನಾಲಿನಲ್ಲಿ 60 ಡಿಗ್ರಿಗೆ ಕರಗಿಸಿ. 65 ಮಿ.ಲೀ. ಮೆಥನಾಲಿಗೆ 1.48 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಅದನ್ನು ಮೊದಲಿನ ದ್ರಾವಣಕ್ಕೆ ಕಾಲು ಗಂಟೆ ಹನಿಹನಿಯಾಗಿ ಬಿಟ್ಟು, ಎರಡು ಗಂಟೆ ಕಲಕಿ. ಮೆಥನಾಲ್ ಸುಮಾರು 65ಕ್ಕೇ ಕುದಿಯುತ್ತದೆ, ಆವಿಯನ್ನು ತಣಿಸಿ ಮರಳಿಸುವ ಕಂಡೆನ್ಸರ್ ಇರಲಿ. ಸ್ಟವ್ ಉರಿ ಮಾತ್ರ ಹತ್ತಿರ ಬೇಡ. ಬಂದ ಪುಡಿಯನ್ನು ಮೆಥನಾಲಿನಲ್ಲೇ ಎರಡು ಮೂರು ಸಲ ತೊಳೆಯಬೇಕು. ಇಲ್ಲದಿದ್ದರೆ ಉಳಿದ ಪೊಟ್ಯಾಸಿಯಂ ಅಸಿಟೇಟ್ ಗಾಳಿಯ ತೇವ ಹೀರುತ್ತದೆ. ಮೈಸೂರಿನ ಜುಲೈ ಜಡಿಮಳೆಯಲ್ಲಿ ಪುಡಿ ಬಳಿದ ಗಾಜಿನ ಸ್ಲೈಡ್ ಬೆವರಿ ಕೂತಿರುತ್ತದೆ.

ಕಷ್ಟ ಶುರುವಾಗುವುದು ಸ್ಲೈಡು, ದೀಪ ಇಡುವ ಡಬ್ಬಿಯೊಳಗೆ. ಎಲ್‌ಇಡಿಯಿಂದ ಒಂದಿಷ್ಟು ನೇರಳೆ ಬೆಳಕೂ ಸೋರುತ್ತದೆ, ಅದರ ಮುಂದೆ ಯುವಿ ಮಾತ್ರ ಬಿಡುವ ಕಪ್ಪು ಗಾಜು ಬೇಕು. ಹೊಳಪು ಅಳೆಯುವ ಫೋಟೋಡಯೋಡಿನ ಮುಂದೆ 420 ನ್ಯಾನೋಮೀಟರಿನ ಕೆಳಗಿನ ಬೆಳಕನ್ನು ತಡೆಯುವ ಹಳದಿ ಫಿಲ್ಟರ್. ಒಳಗೆ ಬಿಳಿ ಕಾಗದ, ಟೇಪು ಬೇಡ, ಅವೂ ಯುವಿಯಲ್ಲಿ ಹೊಳೆಯುತ್ತವೆ. ಸ್ಲೈಡನ್ನು ಬಟ್ಟೆಪುಡಿಯಲ್ಲಿ ತೊಳೆದಿದ್ದರಂತೂ ಕಥೆ ಮುಗಿಯಿತು: ಅದರ ಬಿಳುಪು ರಾಸಾಯನಿಕ ಯುವಿಯಲ್ಲಿ ನೀಲಿಯಾಗಿ ಹೊಳೆದು ಪುಡಿಯ ಬೆಳಕನ್ನೇ ಮುಚ್ಚಿಹಾಕುತ್ತದೆ.

ದೀಪ ಹಾಕಿದೊಡನೆ ರೀಡಿಂಗ್ ನಂಬಬೇಡಿ. ಯುವಿ ಬಿದ್ದಾಗ ಕಣದ ಮೇಲಿನ ಆಕ್ಸಿಜನ್ ಬಿಟ್ಟುಹೋಗುತ್ತದೆ, ಎಲ್‌ಇಡಿಯೂ ಬಿಸಿಯಾಗಿ ಮಂಕಾಗುತ್ತದೆ. ರೀಡಿಂಗಿನ ಗೆರೆ ಸಮವಾಗುವ ತನಕ ಒಣಗಾಳಿ ಹರಿಸಿ. ಎಲ್‌ಇಡಿಯನ್ನೇ ನೋಡುವ ಇನ್ನೊಂದು ಫೋಟೋಡಯೋಡ್ ಇಟ್ಟು, ಎರಡರ ಅನುಪಾತ ತೆಗೆದುಕೊಂಡರೆ ಅರ್ಧ ತಲೆನೋವು ಕಡಿಮೆ. ಆಮೇಲೆ ಗ್ಯಾಸ್ ಬಿಟ್ಟು ಪರೀಕ್ಷೆ: 10 ಲೀಟರಿನ ಜಾಡಿಗೆ 1 ಮಿ.ಲೀ. ಗ್ಯಾಸ್ ಎಂದರೆ 100 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ನೂರು ಭಾಗ. ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ, ಕೊಳವೆ ಟೆಫ್ಲಾನಿನದೇ ಇರಲಿ. ರಬ್ಬರು ಈ ಗ್ಯಾಸನ್ನು ತಾನೇ ನುಂಗುತ್ತದೆ.

ಇದನ್ನೇ ಮಂಡ್ಯದ ಆಲೆಮನೆಯ ಒಲೆ ಪಕ್ಕ ಇಟ್ಟರೆ? ಸಿಪ್ಪೆ ಉರಿಯ ಮಸಿ ಸ್ಲೈಡಿನ ಮೇಲೆ ಕೂತು ಬೆಳಕು ಕುಂದುತ್ತದೆ, ಶಾಖಕ್ಕೂ ಕುಂದುತ್ತದೆ. ಮೀಟರಿಗೆ ಎಲ್ಲವೂ ಗ್ಯಾಸೇ. ಗಾಳಿ ಒಳಬರುವಲ್ಲಿ ಫಿಲ್ಟರ್ ಹಾಕಿ, ಸ್ಲೈಡಿಗೆ ಶಾಖ ಅಳೆಯುವ ಥರ್ಮಿಸ್ಟರ್ ತಾಗಿಸಿ. ಆಮೇಲೂ ಅನುಮಾನ ಬಂದರೆ ಶುದ್ಧ ಗಾಳಿ ಹರಿಸಿ ನೋಡಿ: ಗ್ಯಾಸಾಗಿದ್ದರೆ ಹೊಳಪು ನಿಧಾನಕ್ಕೆ ಮರಳುತ್ತದೆ, ಮಸಿಯಾಗಿದ್ದರೆ ಮರಳುವುದಿಲ್ಲ.